ಕೊಟ್ಟಿಗೆಯ ನಾಯಿಗೆ ಮರಿ ಹಾಕಿಸುವ ಮೊದಲು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನಮ್ಮಲ್ಲಿ ಎರಡು ವರ್ಷದ ಬಾರ್ಡರ್ ಕಾಲಿ ಹೆಣ್ಣುನಾಯಿ ಇದೆ. ಬೆಟ್ಟಕ್ಕೆ ಬಿಟ್ಟ ಹತ್ತು-ಹನ್ನೆರಡು ದನಗಳನ್ನು ಸಂಜೆ ಒಂದೂ ತಪ್ಪದಂತೆ ಹೊಡೆದುಕೊಂಡು ಬರುತ್ತದೆ. ಅದರದೇ ಸೂಲಿನ ಗಂಡು ಸಿದ್ದಾಪುರದ ನೆಂಟರ ಮನೆಯಲ್ಲಿದೆ, ಅದೂ ಚುರುಕು. ಎರಡನ್ನೂ ಕೂಡಿಸಿದರೆ ಮರಿಗಳಿಗೆ ಅದೇ ಗುಣ ಬರುತ್ತದಲ್ಲವೇ?
(ಶಿರಸಿ ತಾಲ್ಲೂಕಿನ ಓದುಗರು)

ಉತ್ತರ: ಬೇಡ. ಒಡಹುಟ್ಟಿದ ನಾಯಿಗಳ ಮರಿಯಲ್ಲಿ ಒಳಸಂತಾನದ (ರಕ್ತಸಂಬಂಧದಲ್ಲೇ ಕೂಡಿಸುವುದರ) ಪ್ರಮಾಣ ಶೇ 25. ತಂದೆ-ಮಗಳನ್ನು ಕೂಡಿಸಿದರೂ ಅಷ್ಟೇ. ಒಂದೇ ತಾಯಿಯ, ಬೇರೆ ತಂದೆಯ ಮಕ್ಕಳಾದರೆ 12.5. ಗುಣ ಗಟ್ಟಿಯಾಗುತ್ತದೆ ಎಂದು ಹೀಗೆ ಮಾಡುವವರಿದ್ದಾರೆ. ಗುಣದ ಜೊತೆ ಅಡಗಿ ಕೂತ ದೋಷವೂ ಗಟ್ಟಿಯಾಗುತ್ತದೆ. ಬಾರ್ಡರ್ ಕಾಲಿಯಲ್ಲಿ ಕಣ್ಣಿನ ಒಳಪದರದ ಹುಟ್ಟು ದೋಷ, ಮಿದುಳಿನ ಜೀವಕೋಶಗಳು ಕ್ರಮೇಣ ಕೆಡುವ ಸಿಎಲ್, ಸೋಂಕು ತಡೆಯುವ ಬಿಳಿ ರಕ್ತಕಣ ಕೈಕೊಡುವ ಟಿಎನ್‌ಎಸ್ ಎಂಬ ಮೂರು ಕಾಯಿಲೆಗಳು ಹೀಗೇ ಬರುವಂಥವು. ದೋಷವನ್ನು ಹೊತ್ತ ನಾಯಿ ನೋಡಲು ಪೂರ್ತಿ ಆರೋಗ್ಯವಾಗಿರುತ್ತದೆ. ಇಬ್ಬರೂ ಹೊತ್ತವರಾದರೆ ನಾಲ್ಕರಲ್ಲಿ ಒಂದು ಮರಿಗೆ ಕಾಯಿಲೆ ಬರುವ ಸಂಭವ. ಕೆನ್ನೆಯ ಒಳಗಿನಿಂದ ಹತ್ತಿಯಲ್ಲಿ ಒರೆಸಿ ತೆಗೆದ ಮಾದರಿಯಿಂದ ಇದನ್ನು ಪರೀಕ್ಷಿಸಬಹುದು. ನಿಮ್ಮ ನಾಯಿ ಹೊತ್ತದ್ದೇ ಆದರೂ ಗಂಡಿನಲ್ಲಿ ಆ ದೋಷವಿಲ್ಲದಿದ್ದರೆ ಕೂಡಿಸಲು ಅಡ್ಡಿಯಿಲ್ಲ.

ಸೊಂಟದ ಕೀಲಿನ ದೋಷ ಜೀನ್ ಪರೀಕ್ಷೆಯಲ್ಲಿ ತಿಳಿಯುವುದಿಲ್ಲ, ಎಕ್ಸ್‌ರೇ ಬೇಕು. ಎರಡು ವರ್ಷ ತುಂಬಿದ ಮೇಲೆ, ಅರಿವಳಿಕೆ ಕೊಟ್ಟು ಮಲಗಿಸಿ ತೆಗೆಸಿ. ಎಚ್ಚರವಿರುವ ನಾಯಿಯ ಕಾಲು ಎಳೆದು ತೆಗೆದ ಚಿತ್ರ ವಾರೆಯಾಗಿ ಬಂದು ದಾರಿ ತಪ್ಪಿಸುತ್ತದೆ. ನಿಮ್ಮ ಕಡೆಯವರಿಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ದೂರವಲ್ಲ.

ಇನ್ನು ಚುರುಕಿನ ವಿಷಯ. ಅಂಗಳದಲ್ಲಿ ಕೋಳಿ ಅಟ್ಟುತ್ತ ಸುತ್ತುವುದು ಚುರುಕಲ್ಲ. ಕರು ಹಾಕಿದ ಮಲೆನಾಡು ಗಿಡ್ಡ ಕೊಂಬು ತಗ್ಗಿಸಿ ತಿರುಗಿ ನಿಂತಾಗ ಹೆದರದೆ ನಿಲ್ಲಬೇಕು; ನೀವು ಕರೆದ ಕೂಡಲೇ ಬಿಟ್ಟು ಬರಬೇಕು. ನಮ್ಮ ಸೊಪ್ಪಿನ ಬೆಟ್ಟಗಳಲ್ಲಿ ನಾಯಿ ಹತ್ತು ಮಾರು ಹೋದರೆ ಕಣ್ಣಿಗೆ ಕಾಣುವುದಿಲ್ಲ. ಕರೆಗೆ ತಿರುಗದ ನಾಯಿ ಚಿರತೆ ಬಾಯಿಗೆ. ಗಂಡಿನ ಮನೆಗೆ ಸಂಜೆ ಹೊತ್ತಿಗೇ ಹೋಗಿ, ದನ ಬರುವಾಗ ನೋಡಿ. ನಿಮ್ಮದು ತುಸು ಕಚ್ಚುವ ಸ್ವಭಾವದ್ದಾದರೆ ಅದಕ್ಕೆ ತಾಳ್ಮೆಯ ಜೋಡಿ ಹುಡುಕಿ.

ಪ್ರಶ್ನೆ: ಎರಡು ಬಾರಿ ಬೆದೆಯಲ್ಲಿ ಕೂಡಿಸಿದರೂ ಗಬ್ಬ ನಿಲ್ಲಲಿಲ್ಲ. ರಕ್ತ ಕಂಡ ಐದನೇ ದಿನವೇ ಗಂಡಿನ ಹತ್ತಿರ ಬಿಟ್ಟಿದ್ದೆವು.
(ಅಂಕೋಲಾ)

ಉತ್ತರ: ಐದನೇ ದಿನ ಬಹಳ ಬೇಗವಾಯಿತು. ಬೆದೆಯ ಮೊದಲ ಒಂಬತ್ತು ದಿನ ಸುಮಾರಾಗಿ ರಕ್ತಸ್ರಾವದ್ದು. ಆಗ ಗಂಡು ಹಿಂದೆ ಬಿದ್ದರೂ ಹೆಣ್ಣು ಒಪ್ಪುವುದಿಲ್ಲ. ಒತ್ತಾಯದಿಂದ ಹಿಡಿದು ಕೂಡಿಸಿದರೆ ಫಲ ಕಡಿಮೆ, ಗಾಯ ಜಾಸ್ತಿ. ಸ್ರಾವದ ಕೆಂಪು ತಿಳಿಯಾಗಿ ಒಣಹುಲ್ಲಿನ ಬಣ್ಣಕ್ಕೆ ಬಂದು, ಬಾಲದ ಬುಡ ಮುಟ್ಟಿದರೆ ಬಾಲವನ್ನು ಪಕ್ಕಕ್ಕೆ ಸರಿಸಿ ನಿಂತಾಗ ಕೂಡಿಸಿ. ಇದು ಸಾಮಾನ್ಯವಾಗಿ 10ರಿಂದ 14ನೇ ದಿನ. ಒಂದು ದಿನ ಬಿಟ್ಟು ಮತ್ತೊಮ್ಮೆ. ನಾಯಿಯ ಅಂಡ ಹೊರಬಂದ ಮೇಲೂ ಬಲಿಯಲು ಎರಡು ದಿನ ತೆಗೆದುಕೊಳ್ಳುತ್ತದೆ, ಅದಕ್ಕೇ ಈ ಎರಡನೇ ಸಲ. ಕೂಡಿದ ಮೇಲೆ ಹದಿನೈದು-ಇಪ್ಪತ್ತು ನಿಮಿಷ ಅಂಟಿಕೊಂಡಿರುವುದು ಸಹಜ. ನೀರು ಎರಚಿ ಬಿಡಿಸಬೇಡಿ.

ಮೂರನೇ ಬಾರಿಯೂ ತಪ್ಪಬಾರದೆಂದಿದ್ದರೆ ಏಳನೇ ದಿನದಿಂದ ದಿನ ಬಿಟ್ಟು ದಿನ ರಕ್ತದಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ನೋಡಿಸಿ. ಅದು ಎಂಎಲ್‌ಗೆ 5 ನ್ಯಾನೊಗ್ರಾಂ ದಾಟಿದ ದಿನ ಅಂಡ ಬಿಡುಗಡೆ ಎಂದು ಹಿಡಿದು, ಎರಡು ದಿನದ ನಂತರ ಕೂಡಿಸಿ. ಪೂರ್ತಿ ಮೂರು ವಾರ ಅವಳನ್ನು ಒಬ್ಬಂಟಿ ಬಿಡಬೇಡಿ. ಒಂದೇ ಸೂಲಿನಲ್ಲಿ ಎರಡು ತಂದೆಯ ಮರಿಗಳು ಹುಟ್ಟಬಹುದು. ಬೀದಿನಾಯಿಗೆ ನಿಮ್ಮ ಕ್ಯಾಲೆಂಡರ್ ಗೊತ್ತಿಲ್ಲ, ಮೂಗು ಮಾತ್ರ ಚೆನ್ನಾಗಿದೆ.

ಪ್ರಶ್ನೆ: ಕಳೆದ ಆಷಾಢದಲ್ಲಿ ಆರು ಮರಿ ಹಾಕಿತು. ವಾರದೊಳಗೆ ನಾಲ್ಕು ಹೋದವು. ತಾಯಿ ಚೆನ್ನಾಗಿತ್ತು. ಹಸುವಿನ ಹಾಲು ಕುಡಿಸಿದರೂ ಉಳಿಯಲಿಲ್ಲ.
(ಕುಮಟಾ)

ಉತ್ತರ: ನೀವು ಬರೆದದ್ದನ್ನು ನೋಡಿದರೆ ಹೆಚ್ಚಾಗಿ ಕೊಂದದ್ದು ಥಂಡಿ. ಹುಟ್ಟಿದ ಮರಿಗೆ ಮೈ ನಡುಗಿಸಿ ಬಿಸಿ ಮಾಡಿಕೊಳ್ಳುವ ಶಕ್ತಿಯಿಲ್ಲ. ಮೈ ತಣ್ಣಗಾದರೆ ಕರುಳು ನಿಲ್ಲುತ್ತದೆ; ಆಗ ಕುಡಿಸಿದ ಹಾಲು ಹೊಟ್ಟೆಯಲ್ಲೇ ಕೆಟ್ಟು ಉಬ್ಬುತ್ತದೆ, ಇಲ್ಲವೇ ಶ್ವಾಸಕೋಶಕ್ಕೆ ಹೋಗುತ್ತದೆ. ತಣ್ಣಗಾದ ಮರಿಯನ್ನು ಮೊದಲು ನಿಮ್ಮ ಮೈಗೆ ಒತ್ತಿ ಮುಕ್ಕಾಲು-ಒಂದು ತಾಸು ನಿಧಾನವಾಗಿ ಬಿಸಿ ಮಾಡಿ, ಆಮೇಲೆ ಹಾಲು. ಹಸುವಿನ ಹಾಲಿನಲ್ಲಿ ನಾಯಿಮರಿಗೆ ಬೇಕಾದಷ್ಟು ಕೊಬ್ಬು, ಪ್ರೋಟೀನ್ ಇಲ್ಲ. ಮರಿಗಳಿಗೆಂದೇ ಬರುವ ಹಾಲಿನ ಪುಡಿ ಬಳಸಿ.

ಮುಂದಿನ ಸಲ ತಿಂಗಳನ್ನೇ ಬದಲಿಸಿ. ಗಬ್ಬದ ಅವಧಿ ಸುಮಾರು 63 ದಿನ. ಸೆಪ್ಟೆಂಬರ್ ಕೊನೆಯ ಬೆದೆಯಲ್ಲಿ ಕೂಡಿಸಿದರೆ ನವೆಂಬರ್ ಕೊನೆಗೆ ಮರಿ, ಬೆಚ್ಚಗಿನ ಒಣ ನೆಲ. ಏಪ್ರಿಲ್-ಮೇ ಬೆದೆಯನ್ನು ಸುಮ್ಮನೆ ಬಿಟ್ಟುಬಿಡಿ.

ಮರಿ ಹಾಕುವ ಪೆಟ್ಟಿಗೆ ನಾಲ್ಕು ಅಡಿ ಚೌಕ, ನೆಲದಿಂದ ನಾಲ್ಕಿಂಚು ಎತ್ತರ. ಒಳಗೆ ಸುತ್ತಲೂ, ಗೋಡೆಯಿಂದ ನಾಲ್ಕಿಂಚು ಬಿಟ್ಟು, ನಾಲ್ಕಿಂಚು ಮೇಲೆ ಒಂದು ದಬ್ಬೆ ಹೊಡೆಯಿರಿ. ತಾಯಿ ಒರಗಿದಾಗ ಮರಿ ಅಪ್ಪಚ್ಚಿಯಾಗುವುದು ಇದರಿಂದ ತಪ್ಪುತ್ತದೆ. ಹಾಸಿಗೆಗೆ ಹಳೆ ಹತ್ತಿಬಟ್ಟೆ; ದಿನಕ್ಕೆರಡು ಬಾರಿ ಬದಲಿಸಿ. ಕೊಟ್ಟಿಗೆಗೆ ಹಾಕುವ ದರಕು (ಒಣ ಎಲೆ) ಬೇಡ, ಅದರಲ್ಲಿ ಉಣುಗು ಇರುತ್ತದೆ. ಮೊದಲ ವಾರ ಮರಿಗಳ ಹತ್ತಿರ 30 ಡಿಗ್ರಿ ಶಾಖವಿರಲಿ, ಪೆಟ್ಟಿಗೆಯ ಅರ್ಧಭಾಗಕ್ಕೆ ಮಾತ್ರ. ಸೆಖೆಯಾದರೆ ಅವು ಸರಿದುಕೊಳ್ಳಲು ಜಾಗ ಬೇಕು. ಕರೆಂಟು ಹೋದರೆ ಬಾಟಲಿಗೆ ಬಿಸಿನೀರು ತುಂಬಿ ಟವೆಲ್ ಸುತ್ತಿ ಇಡಿ.

ಗಬ್ಬದ 57ನೇ ದಿನದಿಂದ ಬೆಳಿಗ್ಗೆ-ಸಂಜೆ ಗುದದ್ವಾರದ ಉಷ್ಣಾಂಶ ಬರೆದಿಡಿ. 37.2 ಡಿಗ್ರಿಗಿಂತ ಕೆಳಗಿಳಿದರೆ ಸಾಮಾನ್ಯವಾಗಿ 24 ತಾಸಿನೊಳಗೆ ಹೆರಿಗೆ. ಅರ್ಧ ತಾಸು ಜೋರಾಗಿ ಮುಕ್ಕಿಯೂ ಮರಿ ಬಾರದಿದ್ದರೆ, ಮೊದಲ ಮರಿಗೆ ಮುಂಚೆಯೇ ಹಸಿರು ಸ್ರಾವ ಕಂಡರೆ, ಒಂದು ಮರಿಯಾಗಿ ಎರಡು ತಾಸು ಮತ್ತೊಂದಿಲ್ಲದೆ ಕಳೆದರೆ ವೈದ್ಯರಿಗೆ ಫೋನ್ ಮಾಡಿ. ಗರ್ಭಕೋಶ ಹಿಂಡುವಂತೆ ಮಾಡುವ ಆಕ್ಸಿಟೋಸಿನ್ ಸೂಜಿಯನ್ನು ನೀವಾಗಿ ಕೊಡಲೇಬೇಡಿ. ಮರಿ ಅಡ್ಡ ಸಿಕ್ಕಿಕೊಂಡಿದ್ದರೆ ಗರ್ಭಕೋಶ ಹರಿಯುತ್ತದೆ.

ಹುಟ್ಟಿದ ಪ್ರತಿ ಮರಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಬಣ್ಣದ ದಾರ ಕಟ್ಟಿ, ದಿನಾ ಬರೆಯಿರಿ. ದಾರ ಸಡಿಲವಿರಲಿ, ಎರಡು ದಿನಕ್ಕೊಮ್ಮೆ ಬದಲಿಸಿ. 300 ಗ್ರಾಂ ಹುಟ್ಟಿದ್ದು ಎಂಟು-ಹತ್ತು ದಿನಕ್ಕೆ 600 ಆಗಬೇಕು. ಮೊದಲ ದಿನ ಸ್ವಲ್ಪ ಇಳಿದೀತು. ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಇಳಿದರೆ ಆ ಮರಿಯನ್ನು ಹಿಂದಿನ ಮೊಲೆಗೆ ನೀವೇ ಹಚ್ಚಿ. ಮರಿ ಸಾಯುವ ಒಂದು ದಿನ ಮುಂಚೆಯೇ ತಕ್ಕಡಿ ಹೇಳುತ್ತದೆ, ಕಣ್ಣಿಗೆ ಕಾಣುವುದು ಆಮೇಲೆ.

ಪ್ರಶ್ನೆ: ನಮ್ಮದು ಸಸ್ಯಾಹಾರಿ ಮನೆ. ಗಬ್ಬದ ನಾಯಿಗೆ ಮಜ್ಜಿಗೆ ಅನ್ನ, ಕ್ಯಾಲ್ಸಿಯಂ ಟಾನಿಕ್ ಸಾಕೇ?
(ಸೋಂದಾ ಸಮೀಪದ ಓದುಗರು)

ಉತ್ತರ: ಮಜ್ಜಿಗೆ ಅನ್ನದಲ್ಲಿ ಆರು ಮರಿಗೆ ಹಾಲು ಬರುವುದಿಲ್ಲ. ಗಬ್ಬದ ಆರನೇ ವಾರದಿಂದ ಮರಿಗಳಿಗೆಂದು ಸಿಗುವ ಪ್ಯಾಕೆಟ್ ಆಹಾರವನ್ನೇ ತಾಯಿಗೂ ಹಾಕಿ. ಹೆರಿಗೆ ಹೊತ್ತಿಗೆ ಮಾಮೂಲಿಗಿಂತ ಕಾಲು-ಅರ್ಧ ಪಾಲು ಹೆಚ್ಚು, ಹಾಲೂಡಿಸುವ ಮೂರು-ನಾಲ್ಕನೇ ವಾರಕ್ಕೆ ಎರಡು-ಮೂರು ಪಟ್ಟು. ಈರುಳ್ಳಿ ಬಿದ್ದ ಹುಳಿ ಬೇಡ, ರಕ್ತಕಣ ಒಡೆಯುತ್ತದೆ.

ಟಾನಿಕ್ ನಿಲ್ಲಿಸಿ. ಗಬ್ಬದಲ್ಲಿ ಹೊರಗಿನಿಂದ ಕ್ಯಾಲ್ಸಿಯಂ ಕೊಟ್ಟರೆ ಎಲುಬಿನಿಂದ ತೆಗೆದುಕೊಳ್ಳುವ ವ್ಯವಸ್ಥೆ ಮಲಗಿಬಿಡುತ್ತದೆ, ಹಾಲು ಹೆಚ್ಚಾದಾಗ ಏಳುವುದಿಲ್ಲ. ಮರಿ ಹಾಕಿ ಎರಡು-ಮೂರು ವಾರಕ್ಕೆ ತೇಕುತ್ತ, ಕಾಲು ಬಿಗಿದು ನಡುಗಿದರೆ ಮರಿಗಳನ್ನು ಬಿಡಿಸಿ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಪ್ರಶ್ನೆ: ಎಮ್ಮೆಗೆ ಕೊಡುವ ಐವರ್‌ಮೆಕ್ಟಿನ್ ಸೂಜಿಯನ್ನೇ ನಾಯಿಯ ಉಣುಗಿಗೆ ಒಂದು ಎಂಎಲ್ ಕೊಡಬಹುದೆನ್ನುತ್ತಾರೆ.
(ಯಲ್ಲಾಪುರ)

ಉತ್ತರ: ಲೆಕ್ಕ ಹಾಕಿ. ಶೇ 1ರ ಔಷಧಿಯ ಒಂದು ಎಂಎಲ್‌ನಲ್ಲಿ 10 ಮಿಲಿಗ್ರಾಂ ಇರುತ್ತದೆ. 20 ಕೆಜಿ ನಾಯಿಗೆ ಕಿಲೋಗೆ 500 ಮೈಕ್ರೊಗ್ರಾಂ ಬಿದ್ದಂತಾಯಿತು. ಎಮ್ಮೆಗೇ ಕಿಲೋಗೆ 200. ಕಾಲಿ, ಆಸ್ಟ್ರೇಲಿಯನ್ ಶೆಫರ್ಡ್‌ನಂಥ ದನ ಕಾಯುವ ತಳಿಗಳ ಹಲವು ನಾಯಿಗಳಲ್ಲಿ ಈ ಔಷಧಿ ಮಿದುಳಿಗೆ ನುಗ್ಗದಂತೆ ತಡೆಯುವ ಜೀನ್ ಕೆಟ್ಟಿರುತ್ತದೆ. ತೂರಾಡಿ, ಕಣ್ಣು ಕುರುಡಾಗಿ, ಪ್ರಜ್ಞೆ ತಪ್ಪುತ್ತದೆ. ಬಾರ್ಡರ್ ಕಾಲಿಯಲ್ಲಿ ಇದು ಅಪರೂಪ, ಆದರೆ ನಿಮ್ಮದು ಅಡ್ಡತಳಿಯಲ್ಲವೆಂದು ಯಾರು ಬರೆದುಕೊಟ್ಟಿದ್ದಾರೆ? ಗಬ್ಬ, ಹಾಲೂಡಿಕೆಯಲ್ಲೂ ಕೊಡಬಹುದಾದ ಫ್ಲುರಲಾನರ್ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ಕೂಡಿಸುವ ಮೊದಲೇ ಉಣುಗು ಜ್ವರಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಅದಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಗಬ್ಬದಲ್ಲಿ ಮರಿಯ ಎಲುಬು-ಹಲ್ಲಿಗೆ ಒಳ್ಳೆಯದಲ್ಲ. ಮಂಗನ ಕಾಯಿಲೆಯ ತಾಲ್ಲೂಕುಗಳಲ್ಲಿ ಕಾಡಿನ ಉಣುಗು ನಾಯಿಯ ಮೈಮೇಲೆ ಮನೆಗೆ ಬರುತ್ತದೆ. ಸಂಜೆ ಕಿವಿ, ಬೆರಳಸಂದಿ ನೋಡಿ ಚಿಮ್ಮಟದಿಂದ ಕೀಳಿ, ಉಗುರಿನಿಂದ ಒರೆಯಬೇಡಿ.

ಪ್ರಶ್ನೆ: ಮರಿ ಯಾವಾಗ ಕೊಡಬಹುದು?
(ಕಾರವಾರ)

ಉತ್ತರ: ಎಂಟು ವಾರ ತುಂಬಿದ ಮೇಲೆ. 2017ರ ನಾಯಿ ಸಾಕಣೆ-ಮಾರಾಟ ನಿಯಮದಂತೆ ಅದಕ್ಕೂ ಮುಂಚೆ ಮಾರುವಂತಿಲ್ಲ. ಮಾರುವ ಉದ್ದೇಶವಿದ್ದರೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯೂ ಬೇಕು. ಅಷ್ಟರಲ್ಲಿ 2, 4, 6, 8ನೇ ವಾರದ ಜಂತುಮದ್ದು, ಮೊದಲ ಲಸಿಕೆ ಆಗಿರಲಿ. ಮಳೆಗಾಲ ಬರುವುದರೊಳಗೆ ಇಲಿಜ್ವರದ ಲಸಿಕೆ, ಮೂರು ತಿಂಗಳಿಗೆ ರೇಬೀಸ್‌ನದು ಎಂದು ಕೊಳ್ಳುವವರಿಗೆ ಚೀಟಿಯಲ್ಲಿ ಬರೆದುಕೊಡಿ. ಐದನೇ ವಾರದಿಂದ ಮರಿಗಳನ್ನು ಕೊಟ್ಟಿಗೆಯ ಬಾಗಿಲ ಹೊರಗೆ ಕೂರಿಸಿ, ದನದ ವಾಸನೆ, ಗಂಟೆಯ ಸದ್ದು ಪರಿಚಯವಾಗಲಿ. ಒಳಗೆ ಬಿಡಬೇಡಿ. ಆ ವಯಸ್ಸಿನಲ್ಲಿ ಒಮ್ಮೆ ಒದೆ ತಿಂದ ಮರಿ ದೊಡ್ಡದಾದ ಮೇಲೂ ದನದ ಹಿಂದೆ ಹೋಗಲು ಅಂಜುತ್ತದೆ.