ಹೊಗೆ ಎಲ್ಲಿಂದ ಬಂತು?

ಪ್ರಿಯ ಬರಹಗಾರರೇ,

ನಿಮ್ಮ ‘ವಜ್ರಕಾಯ’ ಕಥೆಯನ್ನು ಎರಡು ಸಲ ಓದಿದೆ. ಮಕರಾವತಿ ಎಂಬ ಕಲ್ಪಿತ ದೇಶ, ಅದರ ಪರಮಾಣು ಚಾಲಿತ ವಿಮಾನವಾಹಕ ನೌಕೆ, ಅದರೊಳಗಿನ ಐದು ಸಾವಿರ ಜನ. ಭಾಷೆ ನಿಮ್ಮ ಹಿಡಿತದಲ್ಲಿದೆ. ಒಂಬತ್ತು ದಿನ ಬಿಸಿಲನ್ನೇ ಕಾಣದ ಅಡುಗೆಯವನ ಪುಟ ಚೆನ್ನಾಗಿದೆ. ಹೊಗಳಿಕೆ ಇಲ್ಲಿಗೆ ಮುಗಿಯಿತು.

ನನಗೆ ಸಿಟ್ಟು ಬಂದದ್ದು ಮೊದಲ ವಾಕ್ಯದಲ್ಲೇ. “ಕರಿಹೊಗೆ ಉಗುಳುತ್ತ ವಜ್ರಕಾಯ ಬಂದರು ಬಿಟ್ಟಿತು.” ಯಾವ ಹೊಗೆ, ಸ್ವಾಮಿ? ಮುಂದಿನ ಸಾಲಲ್ಲೇ ಎರಡು ರಿಯಾಕ್ಟರ್ ಇವೆ ಎನ್ನುತ್ತೀರಿ. ಯುರೇನಿಯಂ ಸೌದೆಯ ಹಾಗೆ ಉರಿಯುವುದಿಲ್ಲ. ಅದರ ಪರಮಾಣು ಸೀಳಿದಾಗ ಹುಟ್ಟುವ ಶಾಖಕ್ಕೆ ನೀರು ಹಬೆಯಾಗಿ ಟರ್ಬೈನ್ ತಿರುಗಿಸುತ್ತದೆ, ಮತ್ತೆ ನೀರಾಗಿ ಒಳಕ್ಕೇ ಮರಳುತ್ತದೆ. 1961ರಲ್ಲಿ ಅಮೆರಿಕದ ನೌಕಾಪಡೆ ಸೇರಿದ ವಿಮಾನವಾಹಕ ನೌಕೆ ಎಂಟರ್‌ಪ್ರೈಸ್‌ನಲ್ಲಿ ಎಂಟು ರಿಯಾಕ್ಟರ್‌ಗಳಿದ್ದವು, ಹೊಗೆಕೊಳವೆ ಒಂದೂ ಇರಲಿಲ್ಲ. ತೈಲ ಸುಡುವ ಹಡಗುಗಳಲ್ಲಿ ಆ ಕೊಳವೆಯ ಬಿಸಿಗಾಳಿ ಹಿಂದಿನಿಂದ ಬಂದಿಳಿಯುವ ಪೈಲಟ್‌ಗೆ ಕಾಟ ಕೊಡುತ್ತಿತ್ತು. ನಾಲ್ಕನೇ ಪುಟದಲ್ಲಿ ಇಳಿಯುವ ನಿಮ್ಮ ಪೈಲಟ್‌ಗೆ ಆ ಕಾಟವಿಲ್ಲ ಎಂಬುದು ನಿಮಗೇ ಹೊಳೆದಿಲ್ಲ. ಲಕ್ಷ ಟನ್ನಿನ ಗುಡ್ಡವೊಂದು ಒಂದೆಳೆ ಹೊಗೆಯಿಲ್ಲದೆ ಜರುಗಿ ಹೋಗುವುದು ಎಂಥ ದಿಗಿಲಿನ ನೋಟ! ಅದನ್ನು ಬಿಟ್ಟು ಹಳೇ ಉಗಿಹಡಗಿನಿಂದ ಹೊಗೆ ಕಡ ತಂದಿದ್ದೀರಿ.

ಈ ಹೊಗೆಯ ಮೇಲೆ ನನಗೆ ಹಳೆಯ ಲೆಕ್ಕವೊಂದಿದೆ. ಇಪ್ಪತ್ತೆರಡರ ವಯಸ್ಸಿನಲ್ಲಿ ನಾನೊಂದು ರೈಲಿನ ಕಥೆ ಬರೆದಿದ್ದೆ. ವಿದ್ಯುತ್ ಎಂಜಿನ್ನು, ಆದರೆ ಅಗಲಿಕೆಯ ದೃಶ್ಯಕ್ಕೆ ಹೊಗೆ ಬೇಕೆನಿಸಿ ಧಾರಾಳವಾಗಿ ಬಿಟ್ಟಿದ್ದೆ. ಹಿರಿಯ ಸಂಪಾದಕರು ಹಸ್ತಪ್ರತಿ ಹಿಂದಿರುಗಿಸಿದಾಗ ಅಂಚಿನಲ್ಲಿ ಒಂದೇ ಸಾಲು: “ಇದಕ್ಕೆ ಕಲ್ಲಿದ್ದಲು ಹಾಕಿದವರು ಯಾರು?” ಮೂರು ದಿನ ಅವರ ಮುಖ ನೋಡಲಿಲ್ಲ. ನಾಲ್ಕನೇ ದಿನ ಹೋಗಿ ಪ್ಲಾಟ್‌ಫಾರ್ಮಿನಲ್ಲಿ ಕೂತು ಎಂಜಿನ್ ನೋಡಿದೆ. ತಂತಿಯ ಸಣ್ಣ ಗುಂಯ್ ಸದ್ದು ಕಿವಿಗೆ ಬಿತ್ತು. ಆ ಸದ್ದು ನನ್ನ ಕಥೆಯಲ್ಲಿ ಇರಲೇ ಇಲ್ಲ.

ಎರಡನೆಯದು: “ಇಪ್ಪತ್ತು ವರ್ಷ ಯಾರ ಹಂಗೂ ಇಲ್ಲದೆ ವಜ್ರಕಾಯ ಕಡಲಲ್ಲಿ ಅಲೆಯಿತು.” ರಿಯಾಕ್ಟರ್ ಮಟ್ಟಿಗೆ ನಿಜ. ಅಮೆರಿಕದ ನಿಮಿಟ್ಜ್ ವರ್ಗದ ನೌಕೆಗಳಿಗೆ ಸುಮಾರು ಐವತ್ತು ವರ್ಷದ ಆಯುಷ್ಯದಲ್ಲಿ ಒಂದೇ ಸಲ ಪರಮಾಣು ಇಂಧನ ತುಂಬಿಸುತ್ತಾರೆ. ಆದರೆ ವಿಮಾನಗಳು ಕುಡಿಯುವುದು ಯುರೇನಿಯಂ ಅಲ್ಲವಲ್ಲ. ಅವಕ್ಕೆ ಬೇಕಾದ ತೈಲವನ್ನು ಇನ್ನೊಂದು ಹಡಗು ಹೊತ್ತು ತರಬೇಕು. ಎರಡೂ ಪಕ್ಕಪಕ್ಕದಲ್ಲಿ ಒಂದೇ ವೇಗಕ್ಕೆ ಸಾಗುತ್ತಿರುವಾಗ ನಡುವೆ ಕೊಳವೆ ಹಾಯಿಸಿ ತುಂಬಿಸುತ್ತಾರೆ. ಊಟದ ಸಾಮಾನು ಬರುವುದೂ ಹಾಗೆಯೇ. ಇನ್ನು ದುರಸ್ತಿಯ ಹಂಗು. ಫ್ರಾನ್ಸಿನ ಪರಮಾಣು ಚಾಲಿತ ವಿಮಾನವಾಹಕ ನೌಕೆ ಶಾರ್ಲ್ ದ ಗಾಲ್ 2000ರಲ್ಲಿ, ಇನ್ನೂ ಪರೀಕ್ಷೆಯ ಹಂತದಲ್ಲೇ, ಪ್ರೊಪೆಲ್ಲರ್ ಮುರಿದುಕೊಂಡಿತು. ಹಳೆಯ ನೌಕೆಗಳ ಪ್ರೊಪೆಲ್ಲರ್ ತೊಡಿಸಿ, ವೇಗ ಕಳೆದುಕೊಂಡು ಓಡಿಸಬೇಕಾಯಿತು. ಎರಡು ರಿಯಾಕ್ಟರ್ ಹೊಟ್ಟೆಯಲ್ಲಿಟ್ಟುಕೊಂಡೂ ಹಿರಿಯರ ಹಳೇ ಚಪ್ಪಲಿಯಲ್ಲಿ ನಡೆದಂತೆ! ನಿಮ್ಮ ಮಕರಾವತಿಯ ಭೂಪಟ ನಿಮ್ಮಿಷ್ಟ, ಹಬೆ ಮತ್ತು ಹಸಿವು ನಿಮ್ಮಿಷ್ಟವಲ್ಲ.

ಕೊನೆಯ ಯುದ್ಧದ ಬಗ್ಗೆ ಈಗ ಏನೂ ಹೇಳಲಾರೆ. ಕಥೆ ಹಿಂದಿರುಗಿಸಿದ್ದೇನೆ, ತಿದ್ದಿ ಕಳಿಸಿ. ತೈಲದ ಹಡಗು ಪಕ್ಕಕ್ಕೆ ಬರಲಿ. ಹತ್ತನೇ ದಿನ ಅಡುಗೆಯವನನ್ನು ಮೇಲಿನ ಡೆಕ್ಕಿಗೆ ಹತ್ತಿಸಿ, ಬಿಸಿಲಲ್ಲಿ ನಿಂತು ಹಿಟ್ಟಿನ ಮೂಟೆ ಎಣಿಸಿಕೊಳ್ಳಲಿ.

ಸಂಪಾದಕ