ಹಳದಿ ಮಂಡಲ, ಹಸಿರು ಮಂಡಲ: ಬಣ್ಣ ನೋಡಿ ಜಾತಿ ಹೇಳಬಹುದೇ?

ಪ್ರಶ್ನೆ: ಎಂಟು ವರ್ಷಗಳಿಂದ ವಿಷವಿಲ್ಲದ ಹಾವುಗಳನ್ನು ಸಾಕುತ್ತಿದ್ದೇನೆ. ನಾನಿರುವ ಕಡೆ ಪರವಾನಗಿ ಪಡೆದು ವಿಷದ ಹಾವನ್ನೂ ಇಟ್ಟುಕೊಳ್ಳಬಹುದು. ಅಮೆರಿಕ ಖಂಡದ ಮಂಡಲದ ಹಾವಾದ ಐಲ್ಯಾಶ್ ವೈಪರ್ ತರುವ ಆಸೆಯಿದೆ. ಮಾರುವವರು ಹಳದಿ, ಹಸಿರು, ಕಂದು ಎಂದು ಒಂದೊಂದಕ್ಕೂ ಬೇರೆ ಹೆಸರಿಟ್ಟು ತೋರಿಸುತ್ತಾರೆ. ಇವು ಬೇರೆ ಬೇರೆ ಜಾತಿಗಳೇ? ಇಷ್ಟು ಚಿಕ್ಕ ಹಾವಿನಲ್ಲಿ ವಿಷವೂ ಕಡಿಮೆ ಅಲ್ಲವೇ?

ಉತ್ತರ: ಮೊದಲು ಆ 'ಕಡಿಮೆ' ಎಂಬ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ. ಗರಗಸ ಮಂಡಲ ಎಷ್ಟುದ್ದ? ಸಾಮಾನ್ಯವಾಗಿ 30ರಿಂದ 60 ಸೆಂ.ಮೀ. ಆದರೂ ಭಾರತದಲ್ಲಿ ಅತಿ ಹೆಚ್ಚು ಜನರ ಪ್ರಾಣ ತೆಗೆಯುವ ನಾಲ್ಕು ಹಾವುಗಳಲ್ಲಿ ಅದೂ ಒಂದು. ಐಲ್ಯಾಶ್ ವೈಪರ್ ಬೆಳೆದು ನಿಂತರೆ 55ರಿಂದ 80 ಸೆಂ.ಮೀ. ಅದು ಕಚ್ಚಿದರೆ ಬಾವು, ರಕ್ತಸ್ರಾವ, ಮಾಂಸ ಕೊಳೆಯುವುದು ಎಲ್ಲವೂ ಆಗಬಹುದು, ಸಾವೂ ಸಂಭವಿಸಿದೆ. ಹುಟ್ಟಿದ ದಿನದ ಮರಿಗೂ ವಿಷ ಇರುತ್ತದೆ. ಹಾವು ಚಿಕ್ಕದಾದಷ್ಟೂ ನಮ್ಮ ಕೈ ಸಲೀಸಾಗಿ ಹತ್ತಿರ ಹೋಗುತ್ತದೆ, ನನಗೆ ಭಯವಿರುವುದು ಅದೇ.

ಇನ್ನು ಬಣ್ಣ. ಕಣ್ಣಿನ ಮೇಲೆ ರೆಪ್ಪೆಯ ಹಾಗೆ ಎದ್ದು ನಿಂತ ಹುರುಪೆಗಳಿಂದ ಈ ಹಾವಿಗೆ ಆ ಹೆಸರು ಬಂದಿದೆ. ನಾನು ನೋಡಿಕೊಳ್ಳುತ್ತಿದ್ದ ಒಂದು ತಾಯಿ ಪಾಚಿ ಹಿಡಿದ ತೊಗಟೆಯಂತಿತ್ತು, ಬೂದು, ಕಂದು, ಅಲ್ಲಲ್ಲಿ ಹಸಿರು. ಒಂದು ಬೆಳಿಗ್ಗೆ ನೋಡಿದರೆ ಕೊಂಬೆಗಳ ಮೇಲೆ ಗೇಣುದ್ದದ ಮರಿಗಳು. ಕೆಲವು ತಾಯಿಯಂತೆಯೇ ಇದ್ದವು, ಮೂರು ಮಾತ್ರ ಅಪ್ಪಟ ಅರಿಶಿನ! ಒಂದೇ ಬಸಿರಿನ ಮರಿಗಳು. ಅಂದಮೇಲೆ ಹಳದಿ ಒಂದು ಜಾತಿ, ಕಂದು ಇನ್ನೊಂದು ಜಾತಿ ಎನ್ನುವುದು ಹೇಗೆ? ಸಹಾರಾದ ಕೊಂಬಿನ ಮಂಡಲದಲ್ಲೂ ಹೀಗೆಯೇ, ಕೊಂಬಿರುವವೂ ಕೊಂಬಿಲ್ಲದವೂ ಒಂದೇ ಕಡೆ ಸಿಗುತ್ತವೆ, ಜಾತಿ ಒಂದೇ.

ಹಾಗಂತ ಎಲ್ಲವೂ ಒಂದೇ ಎಂದೂ ತಿಳಿಯಬೇಡಿ. ಮಧ್ಯ ಅಮೆರಿಕದಿಂದ ಈಕ್ವೆಡಾರ್‌ವರೆಗೆ ಹಬ್ಬಿದ ಈ ಹಾವುಗಳನ್ನು ಬಹುಕಾಲ ಬೋತ್ರಿಯೆಕಿಸ್ ಶ್ಲೆಗೆಲಿಯೈ ಎಂಬ ಒಂದೇ ಹೆಸರಿನಲ್ಲಿ ಕರೆಯುತ್ತಿದ್ದರು. 2024ರಲ್ಲಿ ಪ್ರಕಟವಾದ ಅಧ್ಯಯನ ಆ ಒಂದು ಹೆಸರಿನೊಳಗೆ ಹಲವು ಜಾತಿಗಳಿವೆ ಎಂದು ತೋರಿಸಿ, ಐದನ್ನು ಹೊಸದಾಗಿ ಹೆಸರಿಸಿತು. ಪಶ್ಚಿಮ ಘಟ್ಟದ ಮಲಬಾರ್ ಗುಳಿಮಂಡಲದ ಕಥೆಯೂ ಇದೇ. ಹಸಿರು, ಹಳದಿ, ಕಂದು, ಯಾವ ಬಣ್ಣದಲ್ಲಿದ್ದರೂ ಒಂದೇ ಹಾವು ಎನ್ನುತ್ತಿದ್ದೆವು. 2021ರಲ್ಲಿ ಅದನ್ನು ಎರಡು ಜಾತಿ ಮಾಡಿದರು. ಗಡಿ ಬಣ್ಣದಲ್ಲಿರಲಿಲ್ಲ, ಪಾಲ್ಘಾಟ್ ಕಣಿವೆಯ ಆಚೆ ಈಚೆ ಇತ್ತು.

ಆದ್ದರಿಂದ ಮಾರುವವರನ್ನು ನೀವು ಕೇಳಬೇಕಾದ್ದು ಬಣ್ಣದ ಹೆಸರನ್ನಲ್ಲ. ಇದರ ತಾಯಿ-ತಂದೆ ಯಾವ ಸೀಮೆಯವು ಎಂದು ಕೇಳಿ. ಉತ್ತರ ಬರದಿದ್ದರೆ ಆ ಹಾವನ್ನು ಕೊಳ್ಳಬೇಡಿ. ಕಾಡಿನಿಂದ ಹಿಡಿದು ತಂದದ್ದೆಂದು ಗೊತ್ತಾದರಂತೂ ಮುಟ್ಟಲೇಬೇಡಿ. ಅವು ಹೊಟ್ಟೆ ತುಂಬ ಜಂತು ಹೊತ್ತು, ನೀರಿಲ್ಲದೆ ಬಳಲಿ ಬಂದಿರುತ್ತವೆ, ಹಲವು ಉಳಿಯುವುದೇ ಇಲ್ಲ.

ಸೀಮೆಯ ಮೇಲೆ ಇಷ್ಟು ಒತ್ತು ಏಕೆಂದರೆ ವಿಷವೂ ಸೀಮೆಯಿಂದ ಸೀಮೆಗೆ ಬದಲಾಗುತ್ತದೆ. ಭಾರತದ ಗರಗಸ ಮಂಡಲಕ್ಕೆಂದು ತಯಾರಾದ ಪ್ರತಿವಿಷವನ್ನು ಆಫ್ರಿಕದ ಅದರ ಸೋದರ ಜಾತಿಯ ಕಡಿತಕ್ಕೆ ಕೊಟ್ಟಾಗ ಅದು ಸರಿಯಾಗಿ ಕೆಲಸ ಮಾಡಲಿಲ್ಲ, ಜನ ಸತ್ತರು. ಐಲ್ಯಾಶ್ ವೈಪರ್ ಕಡಿತಕ್ಕೆ ಕೋಸ್ಟರಿಕದ ಕ್ಲೊಡೊಮಿರೊ ಪಿಕಾಡೊ ಸಂಸ್ಥೆಯ ಪ್ರತಿವಿಷ ಬಳಕೆಯಲ್ಲಿದೆ. ಅದು ನಿಮ್ಮ ಹತ್ತಿರದ ಯಾವ ಆಸ್ಪತ್ರೆಗೆ ಎಷ್ಟು ಹೊತ್ತಿನಲ್ಲಿ ಬರುತ್ತದೆ ಎಂಬುದನ್ನು ಹಾವು ತರುವ ಮೊದಲೇ ವಿಚಾರಿಸಿ ಬರೆದಿಡಿ. ಆಫ್ರಿಕದ ಪೊದೆ ಮಂಡಲಗಳಿಗೆ, ಅಂದರೆ ಅಥೆರಿಸ್ ಕುಲದವಕ್ಕೆ, ಅವಕ್ಕೆಂದೇ ಮಾಡಿದ ಪ್ರತಿವಿಷವೇ ಇಲ್ಲ. ಎಷ್ಟೇ ಚೆಂದವಿರಲಿ, ಅವು ಮನೆಗೆ ಬೇಡ.

ಗೂಡಿಗೆ ಬೀಗ ಇರಲಿ, ಗೂಡಿರುವ ಕೋಣೆಗೂ ಬೀಗ ಇರಲಿ. ಗೂಡಿನ ಮೇಲೆ ಹಾವಿನ ಶಾಸ್ತ್ರೀಯ ಹೆಸರು, ಮೂಲದ ಸೀಮೆ, ಒಳಗಿರುವ ಹಾವುಗಳ ಸಂಖ್ಯೆ, ಪ್ರತಿವಿಷದ ಹೆಸರು ದಪ್ಪಕ್ಷರದಲ್ಲಿರಬೇಕು. ಕಚ್ಚಿಸಿಕೊಂಡವರಿಗೆ ಮಾತಾಡಲು ಆಗದಿದ್ದರೆ ವೈದ್ಯರ ಮುಂದೆ ಮಾತಾಡುವುದು ಆ ಚೀಟಿಯೇ. ಒಬ್ಬರೇ ಇದ್ದಾಗ ಬಾಗಿಲು ತೆಗೆಯಬೇಡಿ. ಬಾಗಿಲು ತೆಗೆಯುವ ಮೊದಲು ಹಾವು ಎಲ್ಲಿದೆ ಎಂದು ಕಣ್ಣಾರೆ ನೋಡಿ. ಎಲೆಗಳ ನಡುವೆ ಅದು ಗಂಟೆಗಟ್ಟಲೆ ಅಲ್ಲಾಡದೆ ಕೂತಿರುತ್ತದೆ, ನಮ್ಮ ಕಣ್ಣು ಅದನ್ನು ದಾಟಿ ಹೋಗಿಬಿಡುತ್ತದೆ. ಹಾವನ್ನು ಎತ್ತಲು ಉದ್ದನೆಯ ಕೊಕ್ಕೆ ಬಳಸಿ, ಇಕ್ಕಳದಿಂದ ಹಿಡಿದರೆ ಪಕ್ಕೆಲುಬು ಮುರಿಯಬಹುದು.

ಹಗಲು 24ರಿಂದ 27 ಡಿಗ್ರಿ ಸೆಲ್ಸಿಯಸ್, ರಾತ್ರಿ ಸ್ವಲ್ಪ ತಂಪು ಸಾಕು. ಬಟ್ಟಲಿನ ನೀರನ್ನು ಎಷ್ಟೋ ಸಲ ಇವು ತಿರುಗಿಯೂ ನೋಡುವುದಿಲ್ಲ. ನೀರು ಚಿಮುಕಿಸಿದಾಗ ತಮ್ಮ ಮೈ ಸುರುಳಿಯ ಮೇಲೆ ನಿಂತ ಹನಿಗಳನ್ನೇ ಹೀರುತ್ತವೆ. ಆದರೆ ಗಾಳಿಯಾಡದೆ ಗೂಡು ಸದಾ ಒದ್ದೆಯಾಗಿದ್ದರೆ ಹುರುಪೆಯ ಕೆಳಗೆ ಹುಣ್ಣಾಗುತ್ತದೆ. ಬೆಳೆದ ಹಾವಿಗೆ ಎರಡು-ಮೂರು ವಾರಕ್ಕೊಂದು ಚಿಕ್ಕ ಇಲಿ ಸಾಕು. ಹೆಚ್ಚು ತಿನ್ನಿಸಿ ಕೊಲ್ಲುವವರೇ ಹೆಚ್ಚು.

ನನ್ನ ಸಲಹೆ ಇಷ್ಟು: ಈಗಲೇ ಕೊಳ್ಳಬೇಡಿ. ವಿಷದ ಹಾವುಗಳಲ್ಲಿ ಪಳಗಿದವರ ಬಳಿ ಒಂದು ವರ್ಷ ಕೆಲಸ ಕಲಿಯಿರಿ. ಎಂಟು ವರ್ಷದಿಂದ ಹೆಬ್ಬಾವನ್ನು ಎತ್ತಿದ ಕೈಗೆ ಬರಿಗೈಯಲ್ಲಿ ಮುಟ್ಟುವ ಅಭ್ಯಾಸ ಇದ್ದೇ ಇರುತ್ತದೆ, ಅದು ಮೊದಲು ಹೋಗಬೇಕು.

ಪ್ರಶ್ನೆ: ನಮ್ಮಲ್ಲಿ ಹುಟ್ಟಿದ ಐಲ್ಯಾಶ್ ವೈಪರ್ ಮರಿಗಳು ಇಲಿಮರಿ ಇಟ್ಟರೂ ಮೂಸಿ ನೋಡುತ್ತಿಲ್ಲ. ಬಾಯಿ ಬಿಡಿಸಿ ತಿನ್ನಿಸಬಹುದೇ?

ಉತ್ತರ: ಬೇಡ. ಅಷ್ಟು ಚಿಕ್ಕ ಬಾಯಿಯಲ್ಲಿ ಹಲ್ಲು, ದವಡೆ ಎರಡೂ ಮುರಿಯುತ್ತವೆ, ನಿಮ್ಮ ಬೆರಳಿಗೂ ಅಪಾಯ. ಕಾಡಿನಲ್ಲಿ ಈ ಮರಿಗಳಿಗೆ ಕಪ್ಪೆ, ಹಲ್ಲಿಗಳೇ ಆಹಾರ. ಕತ್ತಲಾದ ಮೇಲೆ ದೂರದಿಂದ ಗಮನಿಸಿ: ಮೈಯೆಲ್ಲ ಕಲ್ಲಾಗಿರುತ್ತದೆ, ಬಾಲದ ತುದಿ ಮಾತ್ರ ಹುಳದಂತೆ ಹೊರಳುತ್ತದೆ. ಹುಳವೆಂದು ಬಂದ ಕಪ್ಪೆಗೆ ಹಾಕಿದ ಗಾಳ ಅದು. ಹಾಗೆ ಬಾಲ ಆಡಿಸುತ್ತಿದ್ದರೆ ಮರಿಗೆ ಹಸಿವಿದೆ ಎಂದೇ ಅರ್ಥ. ಸತ್ತ ಇಲಿಮರಿಯನ್ನು ಬೆಚ್ಚಗೆ ಮಾಡಿ, ಹಲ್ಲಿ ಬಿಟ್ಟ ಪೊರೆಯಿಂದ ಒರೆಸಿ, ಉದ್ದ ಚಿಮಟದಲ್ಲಿ ಹಿಡಿದು ಬಾಲದ ಹತ್ತಿರ ಮೆಲ್ಲನೆ ಆಡಿಸಿ. ಹಿಡಿದ ಕೂಡಲೇ ಚಿಮಟ ಹಿಂದಕ್ಕೆ ತೆಗೆದು ದೀಪ ಆರಿಸಿ. ತಿನ್ನದಿದ್ದರೆ ಐದಾರು ದಿನ ಆ ಕಡೆ ಹೋಗದೆ ಬಿಟ್ಟು ಮತ್ತೆ ಪ್ರಯತ್ನಿಸಿ.