ಪಾಲಿಮರ್ ಬದಲಿಸಬೇಡಿ, ಮೊದಲು ಆ ಬಾಟಲಿ ನೋಡಿ

ನಿಮ್ಮ ಸೀನಿಯರ್ ಮಾಡಿದ ಪಿಎಲ್‌ಜಿಎ ಮೈಕ್ರೋಸ್ಫಿಯರ್, ಅಂದರೆ ದೇಹದಲ್ಲಿ ಕರಗುವ ಪಾಲಿಮರ್‌ನಲ್ಲಿ ಔಷಧ ತುಂಬಿದ ಸೂಕ್ಷ್ಮ ಗೋಳ, ಒಂದು ತಿಂಗಳು ಔಷಧ ಬಿಡುತ್ತಿತ್ತು. ಅದೇ ಬಾಟಲಿಯ ಪಾಲಿಮರ್, ಅದೇ ವಿಧಾನ, ಆದರೆ ನೀವು ಮಾಡಿದ್ದು ಹತ್ತೇ ದಿನಕ್ಕೆ ಖಾಲಿ. ಪಾಲಿಮರ್ ಬದಲಿಸಿ ಪಿಸಿಎಲ್‌ಗೆ ಹೋಗಲಾ, ಕೈಟೋಸಾನ್‌ಗೆ ಹೋಗಲಾ ಅಂತ ಕೇಳಿದ್ದೀರಿ. ಎರಡಕ್ಕೂ ಹೋಗಬೇಡಿ. ನಾನು ಎರಡಕ್ಕೂ ಹೋಗಿ ಬಂದವಳು. ಹೋಗಿ ಬರೋದಕ್ಕೆ ಹನ್ನೊಂದು ತಿಂಗಳು ಹಿಡಿಯಿತು.

2015ರ ಮಾತು. ಕರಾವಳಿಯ ಒಂದು ಕಾಲೇಜಿನಲ್ಲಿ ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೆ. ನಮ್ಮ ಅಜ್ಜಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂಭಾಗದಲ್ಲಿ ಊತ ಬಂದಿತ್ತು. ಮೇಲಿಂದ ಮೇಲೆ ಕಣ್ಣಿನೊಳಗೆ ಇಂಜೆಕ್ಷನ್ ಹಾಕಿಸಿಕೊಳ್ಳಬೇಕಿತ್ತು. ಹಿಂದಿನ ರಾತ್ರಿ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಒಂದು ಸಲ ಹಾಕಿದರೆ ತಿಂಗಳುಗಟ್ಟಲೆ ತಾನಾಗಿ ಔಷಧ ಬಿಡುವ ಹಾಗಿದ್ದರೆ ಎಷ್ಟು ಚೆನ್ನ ಅನ್ನಿಸಿಯೇ ನಾನು ಈ ವಿಷಯ ಆರಿಸಿಕೊಂಡೆ. ಅಂಥದ್ದು ಆಗಲೇ ಇತ್ತು. ಊತ ಇಳಿಸುವ ಡೆಕ್ಸಾಮೆಥಾಸೋನ್ ಔಷಧ 0.7 ಮಿಲಿಗ್ರಾಂ ತುಂಬಿದ ಪಿಎಲ್‌ಜಿಎ ಕಡ್ಡಿ, ಹೆಸರು ಓಜರ್ಡೆಕ್ಸ್. ಅಮೆರಿಕದಲ್ಲಿ 2009ರಲ್ಲಿ ಒಪ್ಪಿಗೆ ಪಡೆದಿತ್ತು. ನನಗೆ ಬೇಕಿದ್ದದ್ದು ಅದೇ ಔಷಧವನ್ನು ಇನ್ನೂ ಸಣ್ಣ ಸೂಜಿಯಲ್ಲಿ ಹಾಕಬಹುದಾದ ಚಿಕ್ಕ ಚಿಕ್ಕ ಗೋಳ.

ಡಿಸೆಂಬರ್‌ನಲ್ಲಿ ಮಾಡಿದ ಮೊದಲ ಬ್ಯಾಚು ತುಂಬಾ ಚೆನ್ನಾಗಿ ಬಂದಿತ್ತು. ಪಾಲಿಮರ್ ಮತ್ತು ಔಷಧವನ್ನು ಡೈಕ್ಲೋರೋಮೀಥೇನ್ ಅನ್ನುವ ದ್ರಾವಕದಲ್ಲಿ ಕರಗಿಸಿ, ಹನಿಗಳು ಒಂದಕ್ಕೊಂದು ಅಂಟದಂತೆ ತಡೆಯುವ ಪಿವಿಎ ಬೆರೆಸಿದ ನೀರಿಗೆ ಬಿಟ್ಟು, ದ್ರಾವಕ ಆರಿಹೋಗುವವರೆಗೆ ತಿರುಗಿಸಿ, ತೊಳೆದು, ಒಣಗಿಸಿದ್ದು. ನಿಮ್ಮದೂ ಹೆಚ್ಚು ಕಡಿಮೆ ಇದೇ ದಾರಿ ಅಲ್ವಾ? 37 ಡಿಗ್ರಿಯ ಬಫರ್‌ನಲ್ಲಿ, ಅಂದರೆ ಪಿಎಚ್ ಬೇಗ ಬದಲಾಗದ ದ್ರಾವಣದಲ್ಲಿಟ್ಟು, ಎಷ್ಟು ಔಷಧ ಹೊರಬಂತು ಅಂತ ದಿನಾ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಅಳೆದೆ. ಮೊದಲ ದಿನ ಶೇಕಡಾ 11 ಬಂತು. ಆಮೇಲೆ ನಿಧಾನ. ಪೂರ್ತಿ ಹೊರಬರಲು 41 ದಿನ ಹಿಡಿಯಿತು. ಗೈಡ್ ಆ ಗ್ರಾಫನ್ನು ಪ್ರಿಂಟ್ ಹಾಕಿಸಿ ತಮ್ಮ ಟೇಬಲ್ ಗಾಜಿನ ಕೆಳಗೆ ಇಟ್ಟುಕೊಂಡಿದ್ದರು.

ಜುಲೈನಲ್ಲಿ ಅದೇ ಬಾಟಲಿಯಿಂದ ಮತ್ತೆ ಮಾಡಿದೆ. ಮೊದಲ ದಿನ ಶೇಕಡಾ 14. ಅದೇನೂ ದೊಡ್ಡ ವ್ಯತ್ಯಾಸ ಅಲ್ಲ. ಆದರೆ ಒಂದು ವಾರ ಆದಮೇಲೆ ಗೆರೆ ನೆಟ್ಟಗೆ ಮೇಲಕ್ಕೆ ಎದ್ದಿತು. ಹದಿನಾರನೇ ದಿನಕ್ಕೆ ವಯಲ್‌ನಲ್ಲಿ ಗೋಳಗಳೇ ಉಳಿದಿರಲಿಲ್ಲ, ತಳದಲ್ಲಿ ಅಂಟು ಅಂಟಾದ ಒಂದು ಪದರ ಅಷ್ಟೇ. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೇ. ತಿರುಗಿಸುವ ವೇಗ ಬದಲಿಸಿದೆ, ಪಿವಿಎ ಜಾಸ್ತಿ ಮಾಡಿದೆ, ಹೊಸ ಬಫರ್ ಮಾಡಿದೆ. ಪಾಲಿಮರ್‌ನ ರಾಸಾಯನಿಕ ಕೊಂಡಿಗಳನ್ನು ತೋರಿಸುವ ಎಫ್‌ಟಿಐಆರ್ ತೆಗೆದರೆ ಹಳೆಯದಕ್ಕೂ ಇದಕ್ಕೂ ಒಂದು ಕೂದಲಿನಷ್ಟೂ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ "ಪಾಲಿಮರ್ ಸರಿಯಾಗಿಯೇ ಇದೆ, ನಮ್ಮ ಕೆಲಸಕ್ಕೆ ಆಗಿಬರುತ್ತಿಲ್ಲ" ಅಂತ ತೀರ್ಮಾನ ಮಾಡಿಬಿಟ್ಟೆ.

ಪಿಸಿಎಲ್ ತರಿಸಿದೆ. ಅದು ದೇಹದಲ್ಲಿ ಪೂರ್ತಿ ಕರಗಲು ಎರಡು ವರ್ಷದ ಮೇಲೆ ಬೇಕು. ಕೆಲವೇ ತಿಂಗಳಿಗೊಮ್ಮೆ ಹಾಕಬೇಕಾದ ಔಷಧಕ್ಕೆ ಅದನ್ನು ಬಳಸಿದರೆ ಹಳೆಯ ಗೋಳ ಕರಗುವ ಮೊದಲೇ ಹೊಸದು ಬಂದು ಕೂರುತ್ತದೆ. ಕಣ್ಣಿನೊಳಗೆ ಇದನ್ನು ಹೇಗೆ ಒಪ್ಪೋದು? ಈ ಲೆಕ್ಕ ಹಾಕಲು ನನಗೆ ಐದು ತಿಂಗಳು ಬೇಕಾಯಿತು. ಕೈಟೋಸಾನ್ ಆಮ್ಲದಲ್ಲಿ ಮಾತ್ರ ಕರಗುತ್ತದೆ, ಗಟ್ಟಿ ಮಾಡಲು ಗ್ಲುಟರಾಲ್ಡಿಹೈಡ್ ಹಾಕಿದೆ. ಅದು ಜೀವಕೋಶಗಳಿಗೆ ವಿಷ, ಹಾಗಾಗಿ ಕೈಟೋಸಾನನ್ನೂ ಬಿಟ್ಟೆ.

ಮುಂದಿನ ಜೂನ್‌ನಲ್ಲಿ ಗೈಡ್ ಹೇಳಿದರು ಅಂತ ಅದೇ ಗ್ರೇಡಿನ ಹೊಸ ಪಿಎಲ್‌ಜಿಎ ಬಾಟಲಿ ತರಿಸಿದೆ. ಹೊರಗೆ ಜೋರು ಮಳೆ. ಡೀಪ್ ಫ್ರೀಜರ್‌ನಿಂದ ಬಾಟಲಿ ತೆಗೆದು ತಕ್ಕಡಿಯ ಪಕ್ಕ ಇಟ್ಟು, ಸೀಲ್ ಬಿಚ್ಚಲು ಕೈ ಹಾಕಿದ್ದೆ. ನೆಲ ಒರೆಸುತ್ತಿದ್ದ ಲ್ಯಾಬ್ ಅಟೆಂಡರ್ ಅಕ್ಕ ಅಲ್ಲೇ ನಿಂತರು.

"ಅದರ ಮೇಲೆ ನೀರು ಬಂದುಂಟಲ್ಲ ಮೇಡಂ. ಒರೆಸುದಿಲ್ವಾ?"

ಒರೆಸಿದೆ. ಟಿಶ್ಯೂ ಪೂರ್ತಿ ಒದ್ದೆ. ಕೈ ತೆಗೆಯುವಷ್ಟರಲ್ಲಿ ಗಾಜು ಮತ್ತೆ ಮಂಜಾಯಿತು.

"ಹೊರಗೇ ಇಷ್ಟು ಬಂದ್ರೆ, ಮುಚ್ಚಳ ತೆಗೆದ್ರೆ ಒಳಗೆ ಬರುದಿಲ್ವಾ? ನಾವು ಮಳೆಗಾಲದಲ್ಲಿ ಹಪ್ಪಳದ ಡಬ್ಬಿ ಹೀಗೆ ತೆರೆದ್ರೆ ಅತ್ತೆ ಬೈತಾರೆ."

ನಾನು ಸೀಲ್ ಬಿಚ್ಚಲಿಲ್ಲ. ಕುರ್ಚಿ ಎಳೆದು ಕೂತುಬಿಟ್ಟೆ.

ಇಲ್ಲಿ ಆದದ್ದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ನಿಮ್ಮ ಹತ್ತು ದಿನದ ಗುಟ್ಟೂ ಇಲ್ಲೇ ಇದೆ ಅಂತ ನನ್ನ ನಂಬಿಕೆ. ಬಾಟಲಿ ಮೈನಸ್ 20 ಡಿಗ್ರಿಯಲ್ಲಿ ಇರುತ್ತದೆ. ಕರಾವಳಿಯ ಮಳೆಗಾಲದಲ್ಲಿ ಗಾಳಿ ಹಿಂಡಿದರೆ ನೀರು ಬರುವ ಹಾಗಿರುತ್ತದೆ. ಫ್ರಿಜ್‌ನಿಂದ ತೆಗೆದ ಸ್ಟೀಲ್ ಲೋಟ ಬೆವರುವುದನ್ನು ನೀವು ನೋಡಿದ್ದೀರಿ. ತಣ್ಣಗಿರುವಾಗಲೇ ಮುಚ್ಚಳ ತೆರೆದರೆ ಆ ಗಾಳಿ ಒಳಗೆ ಹೋಗಿ ಪಾಲಿಮರ್ ಕಾಳಿನ ಮೇಲೇ ಬೆವರುತ್ತದೆ. ಅದು ಕಣ್ಣಿಗೆ ಕಾಣದಷ್ಟು ತೆಳ್ಳಗಿನ ತೇವ. ನಾನು ಐದು ನಿಮಿಷ ತೂಕ ಮಾಡಿ, ಆ ತೇವದ ಸಮೇತ ಮುಚ್ಚಳ ಬಿಗಿ ಮಾಡಿ, ಮತ್ತೆ ಫ್ರೀಜರ್‌ಗೆ ಇಡುತ್ತಿದ್ದೆ. ಬಿಗಿಯಾಗಿ ಮುಚ್ಚಿದಷ್ಟೂ ನೀರನ್ನು ಒಳಗೆ ಭದ್ರ ಮಾಡಿದ ಹಾಗೆ. ಹೀಗೆ ಒಂದು ಸಲ ಅಲ್ಲ, ಆ ಹಳೇ ಬಾಟಲಿಯನ್ನು ಇಪ್ಪತ್ತಕ್ಕೂ ಹೆಚ್ಚು ಸಲ ತೆರೆದಿದ್ದೆ.

ಹಿಮ ಗಡ್ಡೆಯಾಗಿ ಇದ್ದಷ್ಟು ಹೊತ್ತು ಆ ನೀರು ಹೆಚ್ಚು ಹಾನಿ ಮಾಡುವುದಿಲ್ಲ. ಆದರೆ ಮಳೆಗಾಲ ಅಂದಮೇಲೆ ಕರೆಂಟ್ ಹೋಗುತ್ತದೆ. ಫ್ರೀಜರ್ ಬೆಚ್ಚಗಾದಾಗ ಹಿಮ ಕರಗಿ ನೀರು ಕೆಲಸ ಶುರು ಮಾಡುತ್ತದೆ. ಪಿಎಲ್‌ಜಿಎ ಅಂದರೆ ಲ್ಯಾಕ್ಟಿಕ್ ಆಮ್ಲ, ಗ್ಲೈಕಾಲಿಕ್ ಆಮ್ಲಗಳ ಸರಪಳಿ. ಪ್ರತಿ ಕೊಂಡಿಯೂ ಎಸ್ಟರ್. ನೀರು ಸಿಕ್ಕಿದರೆ ಒಡೆಯುವುದೇ ಅದರ ಗುಣ, ದೇಹದೊಳಗೆ ಅದು ಕರಗುವುದೂ ಹೀಗೇ. ಒಂದು ಕೊಂಡಿ ಒಡೆದಾಗ ಹೊಸದೊಂದು ಆಮ್ಲದ ತುದಿ ಹುಟ್ಟುತ್ತದೆ. ಆ ಆಮ್ಲ ಪಕ್ಕದ ಕೊಂಡಿ ಬೇಗ ಒಡೆಯುವಂತೆ ಮಾಡುತ್ತದೆ. ಶುರುವಾದರೆ ತಾನೇ ತಾನಾಗಿ ವೇಗ ಹೆಚ್ಚಿಸಿಕೊಳ್ಳುವ ಕೆಲಸ ಇದು. ನಾನು ಬಳಸುತ್ತಿದ್ದದ್ದು ಎರಡೂ ಆಮ್ಲ ಸಮಪಾಲಿರುವ 50:50 ಗ್ರೇಡ್, ಅದೂ ಸರಪಳಿಯ ತುದಿಯಲ್ಲಿ ಆಮ್ಲ ಹಾಗೇ ಉಳಿದಿರುವಂಥದ್ದು. ನೀರಿಗೆ ಬೇಗ ಸೋಲುವ ಜಾತಿ. ರೋಗಿಯ ಕಣ್ಣಿನಲ್ಲಿ ನಿಧಾನವಾಗಿ ನಡೆಯಬೇಕಾದ ಒಡೆಯುವಿಕೆಯನ್ನು ನಾನು ಫ್ರೀಜರ್‌ನಲ್ಲೇ ಅರ್ಧ ಮುಗಿಸಿಟ್ಟಿದ್ದೆ.

ನೋಡಲು ಪಾಲಿಮರ್ ಹಾಗೇ ಬೆಳ್ಳಗೆ ಇತ್ತು. ಎಫ್‌ಟಿಐಆರ್ ಯಾವ ಕೊಂಡಿಗಳಿವೆ ಅಂತ ಹೇಳುತ್ತದೆ, ಸರಪಳಿ ಎಷ್ಟು ಉದ್ದ ಇದೆ ಅಂತ ಹೇಳುವುದಿಲ್ಲ. ಅದನ್ನು ಹೇಳುವುದು ಸರಪಳಿಯ ಅಣುತೂಕ ಅಳೆಯುವ ಜಿಪಿಸಿ ಪರೀಕ್ಷೆ. ಎರಡೂ ಬಾಟಲಿಯಿಂದ ಸ್ವಲ್ಪ ಸ್ವಲ್ಪ ಬೆಂಗಳೂರಿಗೆ ಕಳಿಸಿದೆ. ಹೊಸದರ ಅಣುತೂಕ 43,000. ಹಳೆಯದರದ್ದು 19,000. ಆಗ ಒಂದು ಹಳೇ ವಿಷಯ ನೆನಪಾಯಿತು. ಡಿಸೆಂಬರ್‌ನಲ್ಲಿ ಬಾಟಲಿ ಅಲ್ಲಾಡಿಸಿದರೆ ಕಾಳುಗಳು ಗಲಗಲ ಅನ್ನುತ್ತಿದ್ದವು. ಜುಲೈನಲ್ಲಿ ಸ್ಪ್ಯಾಚುಲಾಗೆ ಅಂಟುತ್ತಿದ್ದವು, ಬೆರಳಲ್ಲಿ ತಟ್ಟಿ ಬೀಳಿಸುತ್ತಿದ್ದೆ. ಕಣ್ಣೆದುರೇ ಇದ್ದ ಸುಳಿವು ಅದು. ನೋಟ್‌ಬುಕ್‌ನಲ್ಲಿ ಒಂದು ಸಾಲೂ ಬರೆದಿರಲಿಲ್ಲ.

ಆ ಹೊಸ ಬಾಟಲಿಯನ್ನು ಮುಚ್ಚಿದ ಹಾಗೇ ತೇವ ಹೀರುವ ಸಿಲಿಕಾ ಜೆಲ್ ಇರುವ ಡೆಸಿಕೇಟರ್ ಡಬ್ಬಿಯಲ್ಲಿಟ್ಟು ಎರಡು ಗಂಟೆ ಕಾದೆ. ಗಾಜು ಮುಟ್ಟಿದರೆ ತಣ್ಣಗೆ ಅನ್ನಿಸಬಾರದು, ಅಲ್ಲಿಯವರೆಗೆ. ಆಮೇಲೆ ತೆರೆದು ಒಂದೇ ಕೂರುವಿಕೆಯಲ್ಲಿ ಪೂರ್ತಿ ಪಾಲಿಮರನ್ನು ಚಿಕ್ಕ ವಯಲ್‌ಗಳಿಗೆ ಹಂಚಿದೆ. ಒಂದು ವಯಲ್‌ಗೆ ಒಂದು ಬ್ಯಾಚಿನಷ್ಟು. ಒಣ ನೈಟ್ರೋಜನ್ ಬಿಟ್ಟು, ಮುಚ್ಚಿ, ಪ್ಯಾರಾಫಿಲ್ಮ್ ಸುತ್ತಿ, ತಾರೀಖು ಬರೆದು ಇಟ್ಟೆ. ಒಮ್ಮೆ ತೆರೆದ ವಯಲ್ ಮತ್ತೆ ಫ್ರೀಜರ್‌ಗೆ ಹೋಗುವಂತಿಲ್ಲ. ಆ ವಯಲ್‌ಗಳಿಂದ ಮಾಡಿದ ಬ್ಯಾಚು 39 ದಿನ ನಡೆಯಿತು.

ಈಗ ನಿಮ್ಮ ವಿಷಯ. ಮೊದಲ ದಿನ ಶೇಕಡಾ 12 ಬಂದಿದೆ ಅಂತ ಬರೆದಿದ್ದೀರಿ. ಮೊದಲ ದಿನವೇ ಅರ್ಧ ಸುರಿದುಹೋಗಿದ್ದರೆ ನಾನು ಬೇರೆ ಮಾತು ಹೇಳುತ್ತಿದ್ದೆ. ಅದು ಗೋಳದ ಮೈಮೇಲೆ ಕೂತ ಔಷಧದ ತೊಂದರೆ, ತೊಳೆಯುವುದರಲ್ಲಿ, ಒಣಗಿಸುವುದರಲ್ಲಿ ಹುಡುಕಬೇಕು. ನಿಮ್ಮದು ಹಾಗಲ್ಲ. ಶುರು ಚೆನ್ನಾಗಿದೆ, ಕೊನೆ ಬೇಗ ಬಂದಿದೆ. ಸರಪಳಿ ಮೊದಲೇ ಗಿಡ್ಡವಾಗಿದ್ದರೆ ಆಗುವುದು ಸರಿಯಾಗಿ ಇದೇ. ನಿಮ್ಮ ಸೀನಿಯರ್ ಬಿಟ್ಟುಹೋದ ಬಾಟಲಿ ಎಷ್ಟು ಜನರ ಕೈ ದಾಟಿ ನಿಮಗೆ ಬಂದಿದೆಯೋ ಯೋಚನೆ ಮಾಡಿ.

"ಯಾವ ಪಾಲಿಮರ್ ಒಳ್ಳೆಯದು" ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪಿಎಲ್‌ಜಿಎ ಅನ್ನುವುದು ಒಂದು ವಸ್ತುವಿನ ಹೆಸರಲ್ಲ, ಒಂದು ದೊಡ್ಡ ಕುಟುಂಬದ ಹೆಸರು. ಅನುಪಾತ, ಅಣುತೂಕ, ತುದಿ ಈ ಮೂರೂ ಹೇಳದೆ "ಪಿಎಲ್‌ಜಿಎ ಬಳಸಿದೆವು" ಅಂತ ಬರೆದ ಪ್ರಬಂಧ ಯಾರ ಕೆಲಸಕ್ಕೂ ಬರುವುದಿಲ್ಲ. ಇದೇ ಕುಟುಂಬದ, ದೇಹದಲ್ಲೇ ಕರಗುವ ವಿಕ್ರಿಲ್ ದಾರದಲ್ಲಿ ಸರ್ಜನ್‌ಗಳು 1970ರ ದಶಕದಿಂದ ಹೊಲಿಗೆ ಹಾಕುತ್ತಿದ್ದಾರೆ. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಕೊಡುವ ಲುಪ್ರಾನ್ ಡಿಪೋ ಅಮೆರಿಕದಲ್ಲಿ 1989ರಲ್ಲೇ ಬಂತು, ಅದೂ ನೀವು ಮಾಡುತ್ತಿರುವಂಥ ಗೋಳಗಳೇ. ಇಷ್ಟು ವರ್ಷ ಜನರ ಮೈಯಲ್ಲಿ ಕೆಲಸ ಮಾಡಿ ತೋರಿಸಿದ್ದನ್ನು ಒಂದು ಕೆಟ್ಟ ಗ್ರಾಫ್ ನೋಡಿ ಬಿಟ್ಟುಬಿಡುವುದು ಸರಿಯಲ್ಲ.

ತಿರುವನಂತಪುರದ ಶ್ರೀಚಿತ್ರಾ ವೈದ್ಯಕೀಯ ಸಂಸ್ಥೆಯ ಕೃತಕ ಹೃದಯ ಕವಾಟದ ವಿಷಯ ನಮಗೆ ಮೇಷ್ಟ್ರೊಬ್ಬರು ಹೇಳುತ್ತಿದ್ದರು. ಡಾ. ಎಂ.ಎಸ್. ವಲಿಯತ್ತಾನ್ ಅವರ ತಂಡ ಮಾಡಿದ್ದು. ಮುಂದೆ ಅವರು ಮಣಿಪಾಲಕ್ಕೆ ಕುಲಪತಿಯಾಗಿ ಬಂದರು, ಹಾಗಾಗಿ ನಮ್ಮ ಕಡೆ ಆ ಕಥೆ ಎಲ್ಲರಿಗೂ ಗೊತ್ತು. ಮೊದಲ ಮೂರು ಮಾದರಿ ಕೈಕೊಟ್ಟವು. ನಾಲ್ಕನೆಯದು ನಿಂತಿತು, 1990ರ ಡಿಸೆಂಬರ್‌ನಲ್ಲಿ ಮೊದಲ ಸಲ ರೋಗಿಯ ಹೃದಯಕ್ಕೆ ಹೋಯಿತು. ಅವರೂ ವಸ್ತು ಬದಲಿಸಿದರು. ಆದರೆ ಹಿಂದಿನದು ಎಲ್ಲಿ ಸೋತಿತು ಅಂತ ನೋಡಿದ ಮೇಲೆ ಬದಲಿಸಿದರು. ನಾನು ನೋಡದೆ ಬದಲಿಸಿದೆ.

ಸಬ್ಮಿಷನ್‌ಗೆ ನಾಲ್ಕು ತಿಂಗಳಿದೆ ಅಂದಿದ್ದೀರಿ, ಅಷ್ಟು ಸಾಕು. ಬಾಟಲಿಯನ್ನು ಇವತ್ತೇ ಡೆಸಿಕೇಟರ್‌ಗೆ ಹಾಕಿ, ಬೆಚ್ಚಗಾದ ಮೇಲೆ ಸ್ವಲ್ಪ ತೆಗೆದು ಜಿಪಿಸಿಗೆ ಕಳಿಸಿ. ಸೀನಿಯರ್‌ಗೆ ಫೋನ್ ಮಾಡಿ ಬಾಟಲಿ ಮೊದಲು ತೆರೆದದ್ದು ಯಾವಾಗ ಅಂತ ಕೇಳಿ. ಅಷ್ಟರವರೆಗೆ ಪಿಸಿಎಲ್ ಆರ್ಡರ್ ತಡೆಹಿಡಿಯಿರಿ. ಅಣುತೂಕ ಲೇಬಲ್ ಹತ್ತಿರವೇ ಇದ್ದರೆ, ನೀವು ಬಫರ್ ಎಷ್ಟು ದಿನಕ್ಕೊಮ್ಮೆ ಬದಲಿಸುತ್ತೀರಿ, ಅದರ ಪಿಎಚ್ ಇಳಿಯುತ್ತಿದೆಯಾ ಅಂತ ನೋಡಬೇಕು. ಹಳೇ ಬಫರ್ ಹುಳಿಯಾದರೂ ಗೋಳ ಬೇಗ ಕರಗುತ್ತದೆ. ಅಣುತೂಕ ಅರ್ಧಕ್ಕೆ ಇಳಿದಿದ್ದರೆ ಅದೇ ಗ್ರೇಡಿನ ಹೊಸ ಬಾಟಲಿ ತರಿಸಿ, ಬಂದ ದಿನವೇ ಹಂಚಿಡಿ. ಜಿಪಿಸಿ ಸಂಖ್ಯೆ ಬಂದಮೇಲೆ ಇಲ್ಲೇ ಕೆಳಗೆ ಹಾಕಿ, ಗ್ರಾಫ್ ಜೊತೆಗೆ. ನಾನು ನೋಡುತ್ತೇನೆ.